ಇಂಕ್‌ಸ್ಕೇಪ್: ಅಪ್ಪೆಮಿಡಿ ಬಿಡಿಸುತ್ತ ಕಲಿತದ್ದು

ಶಿರಸಿಯ ನಮ್ಮ ಮನೆಯಲ್ಲಿ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೆ ಲೇಬಲ್ ಬೇಕಾಗಿದ್ದರಿಂದ, 2003ರಲ್ಲಿ ಆರಂಭವಾದ, ಚಿತ್ರ ಬಿಡಿಸುವ ಉಚಿತ ತಂತ್ರಾಂಶ ಇಂಕ್‌ಸ್ಕೇಪನ್ನು ಕಳೆದ ಮಳೆಗಾಲದಲ್ಲಿ ಕಲಿಯತೊಡಗಿದೆ. ಆಯತ, ವೃತ್ತ, ಬಣ್ಣ ತುಂಬುವ ಸಾಧನಗಳಿಗೆ ಒಂದು ಸಂಜೆ ಸಾಕು.

ಕಷ್ಟವಿರುವುದು ಬಿಂದುಗಳನ್ನಿಟ್ಟು ಗೆರೆ ಎಳೆಯುವ ಸಾಧನವಾದ ಬೆಜಿಯರ್ ಪೆನ್ನಿನಲ್ಲಿ. ಕ್ಲಿಕ್ ಮಾಡಿ ಬಿಟ್ಟರೆ ನೇರ ಗೆರೆ, ಕ್ಲಿಕ್ ಮಾಡಿ ಎಳೆದರೆ ಬಾಗಿದ ಗೆರೆ. ಇಷ್ಟೇ ನಿಯಮವಾದರೂ ಕೈಗೆ ಹತ್ತಲು ವಾರ ಹಿಡಿಯಿತು. ಮೊದಲ ದಿನ ಮಿಡಿಯ ಸುತ್ತ 23 ಬಿಂದುಗಳನ್ನಿಟ್ಟಿದ್ದೆ. ಅದನ್ನು ಕಂಡ ಅತ್ತಿಗೆ ಹಾಗಲಕಾಯಿ ಎಂದೇ ತಿಳಿದರು. ಬಿಂದುಗಳನ್ನು ತಿದ್ದುವ ‘ನೋಡ್’ ಸಾಧನದಿಂದ ಹೆಚ್ಚಿನವನ್ನು ಅಳಿಸಿ, ತೊಟ್ಟಿನ ಬಳಿ ಎರಡು, ಬದಿಗಳಲ್ಲಿ ಒಂದೊಂದು, ತುದಿಗೊಂದು ಎಂದು ಐದನ್ನು ಮಾತ್ರ ಉಳಿಸಿಕೊಂಡು, ಗೆರೆಯ ಬಾಗು ತಿದ್ದಲು ಬಿಂದುಗಳಿಗಿರುವ ಹಿಡಿಕೆಗಳನ್ನು ಮೆಲ್ಲನೆ ಎಳೆದಾಗ ಗೆರೆ ನುಣುಪಾಗಿ, ಮಿಡಿ ಮಿಡಿಯಂತೆಯೇ ಕಂಡಿತು. ಎಲೆಯ ಅರ್ಧವನ್ನಷ್ಟೇ ಬಿಡಿಸಿ, ಅದರ ಪ್ರತಿಯನ್ನು ಎಚ್ ಕೀಲಿಯಿಂದ ಮಗುಚಿ ಜೋಡಿಸುವ ಉಪಾಯವೂ ಬಹಳ ಶ್ರಮ ಉಳಿಸಿತು.

ಯೂನಿಕೋಡ್ ಫಾಂಟಿನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಆದರೆ ಮುದ್ರಣಕ್ಕೆ ಕಳುಹಿಸುವ ಮುನ್ನ ಅಕ್ಷರಗಳನ್ನು ಪಾತ್‌ಗೆ, ಅಂದರೆ ಬರಿಯ ಗೆರೆಗಳ ಆಕೃತಿಗೆ, ಬದಲಿಸದಿದ್ದರೆ, ಆ ಫಾಂಟ್ ಇಲ್ಲದ ಗಣಕದಲ್ಲಿ ಅವು ಬೇರೆ ರೂಪ ತಾಳಬಹುದು. ನನ್ನ ಮುಖ್ಯ ಆಕ್ಷೇಪ ಬಣ್ಣದ ಬಗ್ಗೆ: ಕಡತ ಆರ್‌ಜಿಬಿಯಲ್ಲಿ, ಅಂದರೆ ಪರದೆಗೆ ಬಳಸುವ ಕೆಂಪು-ಹಸಿರು-ನೀಲಿ ಬಣ್ಣಕ್ರಮದಲ್ಲಿ, ಹೊರಬರುವುದರಿಂದ, ಪರದೆಯ ಮೇಲೆ ಹೊಳೆಯುತ್ತಿದ್ದ ಎಳೆ ಹಸಿರು ಕಾಗದದ ಮೇಲೆ ಮಂಕಾಯಿತು. ಹಾಗಾಗಿ ಈಗ ಮೊದಲು ಒಂದೇ ಪ್ರತಿ ಮುದ್ರಿಸಿ ನೋಡುತ್ತೇನೆ.