ತಿಂಗಳ ಮಾತ್ರೆಗಳಿಗೆ ನಾವು ಹೋಗುವ ಔಷಧ ಅಂಗಡಿ

ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳಿಗಾಗಿ ನಮ್ಮ ಮನೆಯವರು ಹಲವು ವರ್ಷಗಳಿಂದ ಹೋಗುತ್ತಿರುವುದು ಮೈಸೂರಿನ ಕುವೆಂಪುನಗರದ ಒಂದು ಚಿಕ್ಕ ಔಷಧ ಅಂಗಡಿಗೆ. ರಿಯಾಯಿತಿಯನ್ನಷ್ಟೇ ಲೆಕ್ಕ ಹಾಕುವವರಿಗೆ ಇದು ಹೇಳಿ ಮಾಡಿಸಿದ ಜಾಗವಲ್ಲ. ಜನೌಷಧಿ ಕೇಂದ್ರದಲ್ಲಿ ಇದೇ ಮಾತ್ರೆಗಳು ಬಹಳ ಅಗ್ಗವಾಗಿ ಸಿಗುತ್ತವೆ. ಆದರೂ ದಿನವೂ ಮಾತ್ರೆ ನುಂಗಲೇಬೇಕಾದವರಿಗೆ ಇಲ್ಲಿನ ಫಾರ್ಮಸಿಸ್ಟ್ ಕೇಳುವ ಒಂದೆರಡು ಪ್ರಶ್ನೆಗಳು ಆ ಉಳಿತಾಯಕ್ಕಿಂತ ಹೆಚ್ಚು ಬೆಲೆ ಬಾಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಒಮ್ಮೆ ಅಮ್ಮನಿಗೆ ಬೇಕಾದ ಬಿಪಿಯ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಮಾತ್ರೆ ಎಂದಿನ ಕಂಪನಿಯದು ಇರಲಿಲ್ಲ. ಬೇರೆ ಕಂಪನಿಯದನ್ನು ಕೊಡುವ ಮುನ್ನ ಅವರು, "ಅಮ್ಮಾ, ಮನೆಯಲ್ಲಿ ಹಳೇ ಸ್ಟ್ರಿಪ್ ಇನ್ನೂ ಉಳಿದಿದೆಯಾ?" ಎಂದು ವಿಚಾರಿಸಿದರು. ಉಳಿದಿತ್ತು. ಹೆಸರೂ ಬಣ್ಣವೂ ಬೇರೆಯಾದಾಗ ಹೊಸ ಔಷಧವೆಂದು ತಿಳಿದು ಎರಡನ್ನೂ ನುಂಗುವವರಿದ್ದಾರೆ, ಹಾಗಾದರೆ ಬಿಪಿ ತೀರಾ ಇಳಿದು ತಲೆಸುತ್ತಿ ಬೀಳಬಹುದು ಎಂದು ವಿವರಿಸಿ, ಕವರಿನ ಮೇಲೆ 'ಹಳೆಯದು ಮುಗಿದ ಮೇಲೆ ಇದು' ಎಂದು ಕನ್ನಡದಲ್ಲಿ ದಪ್ಪಗೆ ಬರೆದುಕೊಟ್ಟರು. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಎಕ್ಸ್‌ಪೈರಿ ದಿನಾಂಕವಿರುವ ತುದಿ ಅಂಗಡಿಯಲ್ಲೇ ಉಳಿದರೆ, ಆ ದಿನಾಂಕವನ್ನೂ ಕವರಿನ ಮೇಲೆ ಬರೆಯದೆ ಕೊಡುವುದಿಲ್ಲ.

ನಮ್ಮ ಅತ್ತಿಗೆ ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಿಗ್ಗೆ ಒಟ್ಟಿಗೇ ನುಂಗುತ್ತಿದ್ದುದು ಬೆಳಕಿಗೆ ಬಂದದ್ದೂ ಇದೇ ಕೌಂಟರಿನಲ್ಲಿ. ಥೈರಾಯ್ಡ್ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ದೇಹಕ್ಕೆ ಸೇರುವುದನ್ನು ಕ್ಯಾಲ್ಸಿಯಂ ತಡೆಯುವುದರಿಂದ, ಮೊದಲನೆಯದನ್ನು ಖಾಲಿ ಹೊಟ್ಟೆಯಲ್ಲಿ, ಎರಡನೆಯದನ್ನು ಕನಿಷ್ಠ 4 ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳುವಂತೆ ತಿಳಿಸಿದರು. ಡೋಸ್ ಬದಲಿಸುವ ಮಾತನ್ನು ಮಾತ್ರ ವೈದ್ಯರಿಗೇ ಬಿಟ್ಟರು. ಮಂಡಿನೋವಿಗೆಂದು ಡೈಕ್ಲೋಫೆನಾಕ್ ಕೇಳಿಕೊಂಡು ಬಂದ ಬಿಪಿ ರೋಗಿಯೊಬ್ಬರನ್ನು, ಅಂಥ ನೋವಿನ ಮಾತ್ರೆಯಿಂದ ಬಿಪಿ ಏರಬಹುದು, ಮೂತ್ರಪಿಂಡಕ್ಕೂ ತೊಂದರೆಯಾಗಬಹುದು ಎಂದು ಹೇಳಿ ಬರಿಗೈಯಲ್ಲಿ ಕಳಿಸಿದ್ದನ್ನೂ ನಾನು ನೋಡಿದ್ದೇನೆ. ವ್ಯಾಪಾರ ಬಿಟ್ಟುಕೊಡುವ ಅಂಗಡಿಯವರು ಅಪರೂಪ.

ರೋಗಿಗೆ ತಿಳಿವಳಿಕೆ ನೀಡುವುದು ಫಾರ್ಮಸಿಸ್ಟರ ಕೆಲಸವೇ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಹೇಳುತ್ತದೆ. ಈ ಅಂಗಡಿಯಲ್ಲೂ ಅದು ಒಬ್ಬರೇ ವ್ಯಕ್ತಿಯನ್ನು ನೆಚ್ಚಿಕೊಂಡಿರುವುದು ದೊಡ್ಡ ಕೊರತೆ. ಸಂಜೆ ಏಳರ ನಂತರ ಜನ ಮುಗಿಬಿದ್ದಾಗ ಸಹಾಯಕ ಹುಡುಗರು ಚೀಟಿ ನೋಡಿ, ಮಾತ್ರೆ ಎಣಿಸಿ, ಬಿಲ್ ಹರಿದು ಕೊಡುತ್ತಾರೆ, ಅಷ್ಟೇ. ಇನ್ನೊಂದು ತೊಂದರೆಯೆಂದರೆ ಎಲ್ಲ ಮಾತೂ ಕೌಂಟರಿನಲ್ಲೇ, ಹಿಂದೆ ನಿಂತವರ ಕಿವಿಗೆ ಬೀಳುವಂತೆಯೇ ನಡೆಯುತ್ತದೆ. ಖಿನ್ನತೆಗೋ ಅಪಸ್ಮಾರಕ್ಕೋ ಮಾತ್ರೆ ತೆಗೆದುಕೊಳ್ಳುವವರು ಅಲ್ಲಿ ಬಾಯಿಬಿಟ್ಟು ಏನನ್ನೂ ಕೇಳಲಾರರು. ಪಕ್ಕದಲ್ಲಿ ಒಂದು ಮರೆ, ಎರಡು ಕುರ್ಚಿ ಹಾಕಿಸುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ.

ಹೋಗುವವರು ಬೆಳಗಿನ ಹೊತ್ತು, ಬಳಸುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಟಿಯನ್ನೂ ತೆಗೆದುಕೊಂಡು ಹೋಗುವುದು ಒಳ್ಳೆಯದು. ಚೀಟಿ ತೀರಾ ಹಳೆಯದಾಗಿದ್ದರೆ ವೈದ್ಯರಿಂದ ಹೊಸದನ್ನು ಬರೆಸಿಕೊಂಡೇ ಹೋಗಬೇಕು. ಎಷ್ಟು ವರ್ಷದ ಪರಿಚಯವಿದ್ದರೂ ಆ ವಿಷಯದಲ್ಲಿ ಅವರು ಜಗ್ಗುವುದಿಲ್ಲ.