ಬಿಳಿ ಉಂಡೆ ಸಿಕ್ಕಿತೆಂದು ಹಾವು ಮಲ ಹಾಕಿತು ಅಂದುಕೊಳ್ಳಬೇಡಿ

ಮನೆಯಲ್ಲಿ ಸಾಕಿದ ಒಂದು ಬಾಲ್ ಪೈಥಾನ್ (ಆಫ್ರಿಕದ ಚಿಕ್ಕ ಜಾತಿಯ ಹೆಬ್ಬಾವು) ಮರಿ ಒಂಬತ್ತು ವಾರ ಮಲ ಹಾಕಿರಲಿಲ್ಲ. ಸಾಕಿದವರಿಗೆ ಅದು ಗೊತ್ತೇ ಆಗಲಿಲ್ಲ. ಏಕೆಂದರೆ ಅಷ್ಟರಲ್ಲಿ ನಾಲ್ಕು ಸಲ ಟ್ಯಾಂಕಿನ ಮೂಲೆಯಲ್ಲಿ ಬಿಳಿ ಉಂಡೆ ಸಿಕ್ಕಿತ್ತು, ಪ್ರತಿ ಸಲವೂ ಅದನ್ನು ತೆಗೆದು ಒರೆಸಿ, ಹೊಟ್ಟೆ ಸರಿಯಾಗಿದೆ ಎಂದು ಸಮಾಧಾನಪಟ್ಟಿದ್ದರು. ವಿಷಯ ಗೊತ್ತಾದ ದಿನ ಗಾಬರಿಯಲ್ಲಿ ಮನೆಮದ್ದು ಮಾಡಿದರು. ಹಾವು ಉಳಿಯಲಿಲ್ಲ. ಮಲ ಕಟ್ಟಿಕೊಂಡದ್ದು ವಾಸಿಯಾಗುವಂಥ ತೊಂದರೆಯೇ ಆಗಿತ್ತು, ಪ್ರಾಣ ತೆಗೆದದ್ದು ಮದ್ದು.

ಅಮೆರಿಕದ ಚಳಿಯ ಊರೊಂದರಲ್ಲಿ, ಕನ್ನಡದವರ ಮನೆಯಲ್ಲಿ ಆದದ್ದು ಇದು. ಹೆಸರು, ಊರು ಬೇಡ. ಅವರು ಹಾವಿನ ಮೇಲೆ ಪ್ರೀತಿ ಇಟ್ಟವರು, ವಾರ ತಪ್ಪದೆ ಆಹಾರ ಕೊಟ್ಟವರು. ಮೊದಲ ಸಲ ಹಾವು ತಂದ ಯಾರ ಮನೆಯಲ್ಲಾದರೂ ಇದೇ ಆಗಬಹುದು ಎಂಬ ಭಯದಿಂದ ಇಷ್ಟು ವಿವರವಾಗಿ ಬರೆಯಬೇಕಾಗಿದೆ.

ಮರಿ ತಂದದ್ದು ನವೆಂಬರಿನಲ್ಲಿ, ಆಗ ಅದರ ತೂಕ 280 ಗ್ರಾಂ. ಮಾರಿದವರು ಒಂದೇ ಪೆಟ್ಟಿಗೆಯಲ್ಲಿ ಗಾಜಿನ ಟ್ಯಾಂಕು, ಕೆಳಗಿಡುವ ಹೀಟ್ ಮ್ಯಾಟ್, ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರು, ತೆಂಗಿನ ನಾರಿನ ಪುಡಿ ಎಲ್ಲ ಕೊಟ್ಟಿದ್ದರು. ಮ್ಯಾಟಿನ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟ್ಯಾಟ್ ಮಾತ್ರ ಇರಲಿಲ್ಲ. ಪ್ರತಿ ಭಾನುವಾರ ಸುಮಾರು 30 ಗ್ರಾಂನ ಒಂದು ಇಲಿ. ಎಂಟು ಇಲಿ ನುಂಗಿದ ಹಾವು ಒಂಬತ್ತನೆಯದನ್ನು ಮೂಸಿ ತಿರುಗಿತು. ತೂಕ ಅಷ್ಟರಲ್ಲಿ 370 ಗ್ರಾಂ ತಲುಪಿತ್ತು, ಚೆನ್ನಾಗಿ ಬೆಳೆಯುತ್ತಿದೆ ಎಂದೇ ಎಲ್ಲರೂ ನಂಬಿದ್ದರು. ಆ ಏರಿದ ತೂಕದಲ್ಲಿ ಹೊರಗೆ ಬರಬೇಕಾಗಿದ್ದ ಮಲವೂ ಸೇರಿತ್ತು.

ಈಗ ಆ ಬಿಳಿ ಉಂಡೆಯ ವಿಷಯ. ನಮ್ಮ ಊರಮನೆಗಳ ಗೋಡೆಯ ಬುಡದಲ್ಲಿ ಬೀಳುವ ಹಲ್ಲಿ ಹಿಕ್ಕೆಯನ್ನು ನೆನಪಿಸಿಕೊಳ್ಳಿ: ಕಪ್ಪು ಕಡ್ಡಿ, ತುದಿಯಲ್ಲಿ ಸುಣ್ಣದಂಥ ಬಿಳಿ ಚುಕ್ಕೆ. ಕಪ್ಪು ಭಾಗ ಮಲ, ಬಿಳಿ ಭಾಗ ಮೂತ್ರ. ಹಲ್ಲಿಯಂತೆ ಹಾವೂ ನೀರು ಉಳಿಸಲು ದೇಹದ ಸಾರಜನಕದ ಕಶ್ಮಲವನ್ನು ಯೂರಿಕ್ ಆಮ್ಲದ ಗಟ್ಟಿ ರೂಪದಲ್ಲಿ ಹೊರಹಾಕುತ್ತದೆ. ಸಾಕುವವರು ಇದನ್ನು ಯುರೇಟ್ ಎನ್ನುತ್ತಾರೆ. ಹಾವಿನ ಪೂರ್ತಿ ಹಿಕ್ಕೆಯಲ್ಲಿ ಕಂದು ಅಥವಾ ಕಪ್ಪು ಮಲ, ಬಿಳಿ ಯುರೇಟ್, ಸ್ವಲ್ಪ ತಿಳಿ ನೀರು, ಮೂರೂ ಇರುತ್ತವೆ. ಯುರೇಟ್ ಒಂದೇ ಬೀಳುವುದೂ ಸಹಜವೇ, ಆದರೆ ಅದನ್ನು ಮಲದ ಲೆಕ್ಕಕ್ಕೆ ಹಿಡಿಯಬಾರದು. ಆ ಮನೆಯಲ್ಲಿ ಬಿದ್ದ ನಾಲ್ಕು ಉಂಡೆಗಳಲ್ಲಿ ಮೊದಲನೆಯದು ಮೆತ್ತಗೆ, ಬೆಳ್ಳಗೆ ಇತ್ತು. ನಾಲ್ಕನೆಯದು ಹಳದಿ ತಿರುಗಿ, ಬೆರಳಿನಲ್ಲಿ ಒತ್ತಿದರೆ ಮರಳಿನಂತೆ ಉದುರುತ್ತಿತ್ತು. ಹಾವಿಗೆ ನೀರು ಸಾಲದೆಂದು ಆ ಉಂಡೆಯೇ ಹೇಳಿತ್ತು.

ನೀರು ಏಕೆ ಸಾಲಲಿಲ್ಲ? ಬಟ್ಟಲಲ್ಲಿ ನೀರಿತ್ತು. ಆದರೆ ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸುತ್ತದೆ, ಟ್ಯಾಂಕಿನ ಜಾಲರಿ ಮುಚ್ಚಳದಿಂದ ಇದ್ದ ತೇವವೂ ಹೋಗುತ್ತದೆ. ಬಾಲ್ ಪೈಥಾನಿಗೆ ಸುಮಾರು 60 ಶೇಕಡಾ ತೇವಾಂಶ ಬೇಕು, ಪೊರೆ ಬಿಡುವಾಗ 70ರ ಮೇಲೆ. ಡಿಜಿಟಲ್ ಮೀಟರ್ ತಂದು ಇಟ್ಟಾಗ ಅಲ್ಲಿ ಸಿಕ್ಕಿದ್ದು 28. ಬಿಸಿಯ ಕಥೆಯೂ ಹೀಗೇ. ಈ ಜಾತಿಗೆ ಟ್ಯಾಂಕಿನ ಒಂದು ತುದಿಯಲ್ಲಿ, ಹೊಟ್ಟೆ ತಾಗುವ ನೆಲದಲ್ಲಿ, 31ರಿಂದ 33 ಡಿಗ್ರಿ ಸೆಲ್ಸಿಯಸ್ (88ರಿಂದ 92 ಫ್ಯಾರನ್‌ಹೀಟ್) ಇರಬೇಕು, ಇನ್ನೊಂದು ತುದಿ 25ರಿಂದ 27. ಹಾವಿನ ಜೀರ್ಣಶಕ್ತಿ ಹೊರಗಿನ ಬಿಸಿಯನ್ನೇ ನಂಬಿಕೊಂಡಿದೆ. ಬಿಸಿ ಇಳಿದರೆ ಕರುಳಿನ ಚಲನೆಯೂ ನಿಧಾನವಾಗುತ್ತದೆ, ಅಷ್ಟು ಹೊತ್ತು ಒಳಗೆ ನಿಂತ ಮಲದಿಂದ ದೇಹ ನೀರನ್ನು ಹೀರಿಕೊಂಡು ಅದನ್ನು ಕಲ್ಲು ಮಾಡುತ್ತದೆ. ಗಾಜಿಗೆ ಅಂಟಿಸಿದ ಥರ್ಮಾಮೀಟರಿನ ಮುಳ್ಳು 80 ಫ್ಯಾರನ್‌ಹೀಟ್ ತೋರಿಸುತ್ತಿತ್ತು, ಅದು ಗಾಜಿನ ಬಿಸಿ. ಮೂರು ಇಂಚು ನಾರಿನ ಪುಡಿಯ ಮೇಲೆ, ಹಾವು ಮಲಗುವ ಜಾಗದಲ್ಲಿ, ಇದ್ದದ್ದು 74. ಅದೇ ಪುಡಿಯನ್ನು ಕೊರೆದು ಹಾವು ಕೆಳಗಿಳಿದಿದ್ದರೆ, ಥರ್ಮೋಸ್ಟ್ಯಾಟ್ ಇಲ್ಲದ ಮ್ಯಾಟಿನ ಮೇಲೆ ಹೊಟ್ಟೆ ಸುಟ್ಟುಕೊಳ್ಳುವ ಅಪಾಯವೂ ಇತ್ತು. ಥರ್ಮೋಸ್ಟ್ಯಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಲೇಬೇಡಿ. ಅದರ ಪ್ರೋಬನ್ನು (ಬಿಸಿ ಅಳೆಯುವ ತಂತಿಯ ತುದಿ) ಗಾಳಿಯಲ್ಲಿ ನೇತು ಹಾಕದೆ ಮ್ಯಾಟಿನ ಮೇಲಿನ ನೆಲಕ್ಕೆ ಭದ್ರವಾಗಿ ಕೂರಿಸಿ. ಮ್ಯಾಟಿನ ಮೇಲೆ ಪುಡಿ ತೆಳುವಾಗಿರಲಿ.

ಎಷ್ಟು ದಿನ ಕಾಯಬಹುದು ಎಂಬುದು ಜಾತಿಯ ಮೇಲೆ ನಿಂತಿದೆ. ಮನೆಗಳಲ್ಲಿ ಸಾಕುವ ಇನ್ನೊಂದು ಹಾವು ಕಾರ್ನ್ ಸ್ನೇಕ್ ಸಾಮಾನ್ಯವಾಗಿ ತಿಂದ ಮೂರು ನಾಲ್ಕು ದಿನದಲ್ಲಿ ಮಲ ಹಾಕುತ್ತದೆ. ದಪ್ಪ ಮೈಯ ನಿಧಾನದ ಹಾವುಗಳು ಹಾಗಲ್ಲ, ಆಫ್ರಿಕದ ಗಬೂನ್ ವೈಪರ್ ಮಲವನ್ನು ವರ್ಷಕ್ಕೂ ಹೆಚ್ಚು ಕಾಲ ಒಳಗಿಟ್ಟುಕೊಂಡದ್ದು ದಾಖಲಾಗಿದೆ. ಬಾಲ್ ಪೈಥಾನ್ ಎರಡು ಮೂರು ವಾರ ತೆಗೆದುಕೊಂಡರೆ ಹೆದರಬೇಕಿಲ್ಲ, ಹಲವು ಸಲ ಪೊರೆ ಬಿಡುವ ದಿನವೇ ಎಲ್ಲವನ್ನೂ ಒಟ್ಟಿಗೆ ಹಾಕುತ್ತದೆ. ಆದರೆ ವಾರವಾರ ತಿನ್ನುವ ಮರಿ ನಾಲ್ಕು ಊಟವಾದರೂ ಕಂದು ಭಾಗ ಹಾಕದಿದ್ದರೆ ಐದನೆಯದನ್ನು ತಡೆಹಿಡಿಯಿರಿ. ಬಿಸಿ, ತೇವ, ಎರಡನ್ನೂ ಅಳೆದು ಸರಿಮಾಡಿ. ಬಾಲದ ಬುಡದ ಮಲದ್ವಾರಕ್ಕಿಂತ ಸ್ವಲ್ಪ ಮುಂದೆ, ತಲೆಯ ಕಡೆಗೆ, ಗಟ್ಟಿ ಉಬ್ಬು ಕೈಗೆ ಸಿಕ್ಕರೆ, ಹಾವು ಬಾಲ ಎತ್ತಿ ತಿಣುಕಿದರೆ, ಆಹಾರ ಬಿಟ್ಟರೆ, ವಾರ ಲೆಕ್ಕ ಹಾಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ. ಬೆಳೆದ ಹೆಣ್ಣಾದರೆ ಆ ಉಬ್ಬು ಮೊಟ್ಟೆಯೂ ಆಗಿರಬಹುದು, ಎಕ್ಸ್-ರೇ ಇಲ್ಲದೆ ಹೇಳಲಾಗದು.

ಆ ಮನೆಯಲ್ಲಿ ಉಬ್ಬು ಸಿಕ್ಕಿತು. ಆಮೇಲೆ ನಡೆದದ್ದನ್ನು ದಯವಿಟ್ಟು ಯಾರೂ ಮಾಡಬೇಡಿ. ಮೊದಲು ಹೊಟ್ಟೆಯನ್ನು ಹೆಬ್ಬೆರಳಿನಿಂದ ಬಾಲದ ಕಡೆಗೆ ನೀವಿದರು. ಗಟ್ಟಿ ಉಂಡೆಯನ್ನು ಹಾಗೆ ತಳ್ಳಿದರೆ ಕರುಳು ಹರಿಯಬಹುದು, ಇಲ್ಲವೇ ದ್ವಾರದಿಂದ ಕೆಂಪಗೆ ಹೊರಗೆ ಜಾರಬಹುದು. ಅದರಿಂದ ಏನೂ ಬರದಿದ್ದಾಗ, ಮಕ್ಕಳಿಗೆ ಹೊಟ್ಟೆ ಕಟ್ಟಿದರೆ ಕೊಡುವ ಹಾಗೆ ಸಿರಿಂಜಿನಲ್ಲಿ ಎರಡು ಮಿಲಿ ಹರಳೆಣ್ಣೆ ಬಾಯಿಗೆ ಬಿಟ್ಟರು. ಹಾವಿನ ಬಾಯಿ ತೆರೆದರೆ ಕೆಳದವಡೆಯ ನಡುವೆ, ನಾಲಿಗೆ ಹೊರಬರುವ ತೂತಿನ ಹಿಂದೆಯೇ, ಒಂದು ಸಣ್ಣ ಸೀಳು ಕಾಣುತ್ತದೆ. ಅದು ಉಸಿರುನಾಳದ ಬಾಯಿ. ಇಲಿ ನುಂಗುವಾಗಲೂ ಉಸಿರಾಡಲು ಅದು ಅಷ್ಟು ಮುಂದಿದೆ. ಬಾಯಿಯ ಮುಂಭಾಗಕ್ಕೆ ಬಿಟ್ಟ ದ್ರವ ನೇರ ಅಲ್ಲಿಗೆ ಇಳಿಯುತ್ತದೆ. ಹಾವಿಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆ ಇಲ್ಲ, ಕೆಮ್ಮಿ ಹೊರಹಾಕಲು ಬರುವುದಿಲ್ಲ. ಎಣ್ಣೆ ಶ್ವಾಸಕೋಶದಲ್ಲೇ ಉಳಿಯುತ್ತದೆ.

ವೈದ್ಯರು ಎಕ್ಸ್-ರೇ ನೋಡಿ, ಮಂಪರು ಕೊಟ್ಟು, ಬೆಚ್ಚಗಿನ ಸಲೈನಿನಿಂದ ಎರಡು ದಿನದಲ್ಲಿ ಆ ಗಂಟನ್ನು ತೆಗೆದರು. ಅಡಿಕೆಯಷ್ಟು ದಪ್ಪದ ಯುರೇಟಿನ ಬಿರಡೆ, ಅದರ ಹಿಂದೆ ಎಂಟು ಇಲಿಗಳ ಕಪ್ಪು ಮಲ. ಹೊಟ್ಟೆ ಖಾಲಿಯಾಯಿತು. ಆದರೆ ಮೂರನೆಯ ದಿನ ಹಾವು ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡತೊಡಗಿತು, ತುಟಿಯ ಅಂಚಿನಲ್ಲಿ ನೊರೆ ಬಂತು. ಆಂಟಿಬಯಾಟಿಕ್ ಕೊಟ್ಟರೂ ಒಂಬತ್ತನೆಯ ದಿನ ತೀರಿಕೊಂಡಿತು.

ಮನೆಯಲ್ಲಿ ಮಾಡಬಹುದಾದದ್ದು ಒಂದೇ, ಅದೂ ಹಾವು ಚುರುಕಾಗಿದ್ದು ಉಬ್ಬು ಇಲ್ಲದಿದ್ದಾಗ: ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸುವುದು. ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ, 28ರಿಂದ 30 ಡಿಗ್ರಿ ಸೆಲ್ಸಿಯಸ್ ನೀರು, ಥರ್ಮಾಮೀಟರಿನಲ್ಲೇ ಅಳೆದದ್ದು. ನಮ್ಮ ಸ್ನಾನದ ನೀರಿನಷ್ಟು ಬಿಸಿ ಹಾವಿಗೆ ಅಪಾಯ. ನೀರಿನ ಮಟ್ಟ ಅದರ ಮೈ ದಪ್ಪದ ಅರ್ಧ ಮೀರಬಾರದು. 15ರಿಂದ 20 ನಿಮಿಷ, ನೀವು ಪಕ್ಕದಲ್ಲೇ ಇರಬೇಕು. ಊಟವಾಗಿ 48 ಗಂಟೆ ಕಳೆಯದೆ ಮುಟ್ಟಬೇಡಿ, ತಿಂದದ್ದನ್ನು ಕಕ್ಕಿಬಿಡುತ್ತದೆ. ಎರಡು ಮೂರು ದಿನ ಹೀಗೆ ಮಾಡಿಯೂ ಬರದಿದ್ದರೆ ನಾಲ್ಕನೆಯ ದಿನ ವೈದ್ಯರು.

ಇಷ್ಟೆಲ್ಲ ತಪ್ಪಿಸಬಹುದಾಗಿತ್ತು, ಒಂದು ನೋಟುಪುಸ್ತಕ ಮತ್ತು ಬಿಳಿ ಪೇಪರ್ ಟವೆಲಿನಿಂದ. ಹೊಸ ಹಾವನ್ನು ಮೊದಲ 90 ದಿನ ನಾರಿನ ಪುಡಿಯ ಮೇಲೆ ಇಡಲೇಬೇಡಿ, ಪೇಪರ್ ಟವೆಲ್ ಹಾಸಿ. ನೋಡಲು ಚೆಂದವಿಲ್ಲ, ಆದರೆ ಬಿದ್ದದ್ದು, ಅದರ ಬಣ್ಣ, ಸುತ್ತ ಇಳಿದ ನೀರು ಎಲ್ಲ ಕಾಣುತ್ತದೆ. ಪುಡಿಯಲ್ಲಿ ಮಲ ಹೂತುಹೋಗುತ್ತದೆ, ನೀರು ಇಂಗುತ್ತದೆ. ಪುಸ್ತಕದಲ್ಲಿ ಹೀಗೆ ಬರೆದರೆ ಸಾಕು: "ಜನವರಿ 14, ಇಲಿ 28 ಗ್ರಾಂ. ಜನವರಿ 19, ಬಿಳಿ ಮಾತ್ರ, ತುಸು ಹಳದಿ. ಜನವರಿ 23, ಕಂದು ಮತ್ತು ಬಿಳಿ, ಗಟ್ಟಿ. ತೂಕ 301." ಬಿಳಿ, ಕಂದು ಎಂಬ ಪದಗಳನ್ನು ಬೇರೆಬೇರೆಯಾಗಿ ಬರೆಯಿರಿ. "ಹಿಕ್ಕೆ ಹಾಕಿತು" ಎಂದಷ್ಟೇ ಬರೆದರೆ ಮತ್ತೆ ಅದೇ ಮೋಸ. ತೂಕವನ್ನು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ, ಊಟ ಕೊಡುವ ಮುಂಚೆ ನೋಡಿ. ಆ ತಕ್ಕಡಿ ಅಡುಗೆಮನೆಗೆ ಹಿಂತಿರುಗಬಾರದು. ಮಲ ಹಾಕಿದ ದಿನ ತೂಕ ಇಳಿಯುವುದು ಸಹಜ, ಆ ಕಾರಣವಿಲ್ಲದೆ ಹತ್ತನೇ ಒಂದು ಭಾಗ ಕಡಿಮೆಯಾದರೆ ಪರೀಕ್ಷೆ ಮಾಡಿಸಬೇಕು.

ಮಲದಲ್ಲಿ ಇಲಿಯ ಕೂದಲು ಕಂಡರೆ ಚಿಂತೆಯಿಲ್ಲ, ಅದು ಜೀರ್ಣವಾಗುವುದಿಲ್ಲ. ಲೋಳೆ, ರಕ್ತ, ಎರಡು ಸಲ ಸತತವಾಗಿ ನೀರಾದ ಮಲ, ಹುಳು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ರಕ್ತ ಬೆರೆತ ಲೋಳೆಗೆ ಎಂಟಮೀಬಾ ಇನ್ವೇಡೆನ್ಸ್ ಎಂಬ ಏಕಕೋಶಿ ಕಾರಣವಾಗಿರಬಹುದು. ಆಮೆಗಳ ಹೊಟ್ಟೆಯಲ್ಲಿ ತೊಂದರೆ ಕೊಡದೆ ಇರುವ ಇದು ಹಾವನ್ನು ಕೊಲ್ಲುತ್ತದೆ, ಆದ್ದರಿಂದ ಆಮೆ ಸಾಕಿದ ಮನೆಯಲ್ಲಿ ನೀರಿನ ಬಟ್ಟಲು, ಇಕ್ಕಳ ಎಲ್ಲ ಬೇರೆಯಿರಲಿ. ಯುರೇಟ್ ಹಸಿರಾಗಿ ಬಂದರೆ ಯಕೃತ್ತಿನ ಕಡೆ ನೋಡಿಸಬೇಕು. ತಿಂದ ಕೆಲವು ದಿನಕ್ಕೆ ಅರ್ಧ ಕರಗಿದ ಇಲಿ, ತಡೆಯಲಾಗದ ನಾತ ಬಂದರೆ ಅದು ಮಲವಲ್ಲ, ಕಕ್ಕಿದ್ದು. ಎರಡು ವಾರ ಹೊಟ್ಟೆಗೆ ವಿಶ್ರಾಂತಿ ಕೊಟ್ಟು, ಆಮೇಲೆ ಅರ್ಧ ಗಾತ್ರದ ಆಹಾರ. ಮತ್ತೆ ಕಕ್ಕಿದರೆ, ಅದರಲ್ಲೂ ಮೈಯ ನಡುಭಾಗ ಊದಿದ್ದರೆ, ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಯ ಪರೀಕ್ಷೆ ಕೇಳಿ ಮಾಡಿಸಿ. ಇದಕ್ಕೆ ಖಚಿತ ಮದ್ದಿಲ್ಲ, ಬ್ಲೀಚಿಗೂ ಸಾಯುವುದಿಲ್ಲ. ಒಂದು ಸಲ ಪರೀಕ್ಷೆಯಲ್ಲಿ ಸಿಗದಿದ್ದರೆ ಇಲ್ಲವೆಂದೂ ಅರ್ಥವಲ್ಲ, ಏಕೆಂದರೆ ಅದು ಮಲದಲ್ಲಿ ಬಿಟ್ಟುಬಿಟ್ಟು ಬರುತ್ತದೆ. ನೀರಿನ ಬಟ್ಟಲಿನ ತಳದಲ್ಲಿ ಕಾಳುಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಕಂಡರೆ ಅವು ಮಣ್ಣಾಗಿರದೆ, ಮುಳುಗಿ ಸತ್ತ ಮೈಟ್‌ಗಳು (ಹಾವಿನ ರಕ್ತ ಹೀರುವ ಉಣ್ಣೆಯಂಥ ಪುಟ್ಟ ಜೀವಿಗಳು) ಆಗಿರಬಹುದು.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು. ಕೇರೆ, ಹೆಬ್ಬಾವು, ಮಣ್ಣುಮುಕ್ಕ, ಯಾವ ನಾಡಹಾವನ್ನೂ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿರುವ ಬಾಲ್ ಪೈಥಾನಿನಂಥ ವಿದೇಶಿ ಹಾವುಗಳನ್ನು, ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ದಾಖಲೆಯಿಲ್ಲದೆ ಕೊಂಡರೆ, ಕಾಯಿಲೆ ಬಿದ್ದ ದಿನ ವೈದ್ಯರ ಬಾಗಿಲಿಗೆ ಹೋಗಲೂ ಹಿಂಜರಿಕೆಯಾಗುತ್ತದೆ. ಆ ಹಿಂಜರಿಕೆಯ ಬೆಲೆ ತೆರುವುದು ಮೂಕಪ್ರಾಣಿ.

ಹಾವಿನ ಮಲದಲ್ಲಿ ಮನುಷ್ಯರಿಗೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದೇ ಇದೆ ಎಂದು ಭಾವಿಸಿ ನಡೆದುಕೊಳ್ಳಿ. ನೋಡಲು ಆರೋಗ್ಯವಾಗಿರುವ ಹಾವಿನಲ್ಲೂ ಅದು ಇರುತ್ತದೆ. ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಕೈಯನ್ನು ಪ್ರತಿ ಸಲ ಸೋಪು ಹಾಕಿ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು ಹಾವನ್ನೂ ಅದರ ಟ್ಯಾಂಕನ್ನೂ ಮುಟ್ಟದಿರಲಿ. ಊರಿಂದ ಬಂದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ದೂರವಿಡಿ.

ಹಾವು ತಂದ ಮೊದಲ ತಿಂಗಳಲ್ಲೇ, ಏನೂ ತೊಂದರೆ ಕಾಣದಿದ್ದರೂ, ಒಮ್ಮೆ ಮಲ ಪರೀಕ್ಷೆ ಮಾಡಿಸಿ. ನಾಯಿ ಬೆಕ್ಕು ನೋಡುವ ಎಲ್ಲರೂ ಸರೀಸೃಪ ನೋಡುವುದಿಲ್ಲ. ಅಮೆರಿಕದಲ್ಲಿರುವವರು ಸರೀಸೃಪ ಮತ್ತು ಉಭಯಚರ ಪಶುವೈದ್ಯರ ಸಂಘವಾದ ಎಆರ್‌ಎವಿಯ ತಾಣದಲ್ಲಿ ಹತ್ತಿರದವರನ್ನು ಹುಡುಕಬಹುದು. ಕಂದು ಭಾಗವನ್ನೇ, ಬಿಳಿಯದು ಮಾತ್ರ ಅಲ್ಲ, ಎರಡು ಚಮಚದಷ್ಟು ಗಾಳಿಯಾಡದ ಚಿಕ್ಕ ಡಬ್ಬಿಗೆ ತೆಗೆದುಕೊಳ್ಳಿ. ಅಷ್ಟು ಸಿಗದಿದ್ದರೆ ಸಿಕ್ಕಷ್ಟು. ಬಿದ್ದ ದಿನವೇ ಒಯ್ಯುವುದು ಒಳ್ಳೆಯದು, ಆಗದಿದ್ದರೆ ಎರಡು ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಆಹಾರದಿಂದ ಬೇರೆಯಾಗಿಟ್ಟು ಮರುದಿನ ಒಯ್ಯಿರಿ. ಫ್ರೀಜರಿನಲ್ಲಿ ಇಡಬೇಡಿ. ಡಬ್ಬಿಯ ಮೇಲೆ ತಾರೀಖು ಬರೆದು, ಜೊತೆಗೆ ಆ ನೋಟುಪುಸ್ತಕ ಮತ್ತು ಟ್ಯಾಂಕಿನೊಳಗಿನ ಎರಡು ತುದಿಯ ಉಷ್ಣಾಂಶ ಬರೆದ ಚೀಟಿ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.