ಕೆಟ್ಟ ರ‍್ಯಾಮ್: ವಿಳಾಸ ಮೀಸಲೋ, ಬೂಟ್ ಪರೀಕ್ಷೆಯೋ, ಇಸಿಸಿಯೋ?

ರ‍್ಯಾಮ್‌ನಲ್ಲಿ ದೋಷ ಕಂಡ ಮೇಲೆ ಲಿನಕ್ಸ್‌ ಬಳಸುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ: ಕೆಟ್ಟ ವಿಳಾಸವನ್ನು (ದೋಷವಿರುವ ಜಾಗವನ್ನು) 'ಮೆಮ್‌ಮ್ಯಾಪ್' ಎಂಬ ಬೂಟ್ ಆಯ್ಕೆಯಿಂದ ಮೀಸಲಿಟ್ಟು ಯಾರೂ ಬಳಸದಂತೆ ಮಾಡುವುದು, ಪ್ರತಿ ಬೂಟ್‌ನಲ್ಲೂ 'ಮೆಮ್‌ಟೆಸ್ಟ್' ಆಯ್ಕೆಯಿಂದ ಕರ್ನಲ್‌ (ಲಿನಕ್ಸ್‌ನ ತಿರುಳು ಭಾಗ) ತಾನೇ ಕೆಟ್ಟ ಜಾಗವನ್ನು ಹುಡುಕುವಂತೆ ಮಾಡುವುದು, ಅಥವಾ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿಗೆ ಹೋಗುವುದು.

ಖರ್ಚಿನಲ್ಲಿ ಮೊದಲೆರಡಕ್ಕೂ ಕಾಸು ಬೇಡ. ಇಸಿಸಿಗೆ ಮಾತ್ರ ಮಾಡ್ಯೂಲ್ ಜೊತೆಗೆ ಅದನ್ನು ಬೆಂಬಲಿಸುವ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಕೂಡ ಬೇಕು.

ಸುಲಭತೆಯ ಮಾತು ಬೇರೆ. ಮೆಮ್‌ಮ್ಯಾಪ್‌ನಲ್ಲಿ ಗಾತ್ರಕ್ಕೂ ವಿಳಾಸಕ್ಕೂ ನಡುವೆ ಬರುವ ಡಾಲರ್ ಚಿಹ್ನೆಯನ್ನು ಗ್ರಬ್‌ನ (ಲಿನಕ್ಸ್‌ ಬೂಟ್ ಮಾಡಿಸುವ ತಂತ್ರಾಂಶದ) ಸಂರಚನಾ ಕಡತದಲ್ಲಿ ಬ್ಯಾಕ್‌ಸ್ಲ್ಯಾಷ್‌ಗಳಿಂದ ಕಾಪಾಡದಿದ್ದರೆ ಅದು ಸದ್ದಿಲ್ಲದೆ ಮಾಯವಾಗುತ್ತದೆ. ಆದ್ದರಿಂದ ಮರುಬೂಟ್ ಆದೊಡನೆ ಮೆಮೊರಿ ವಿಳಾಸಗಳ ಹಂಚಿಕೆ ತೋರಿಸುವ ಐಒಮೆಮ್ ಪಟ್ಟಿಯಲ್ಲಿ (/proc/iomem) ಆ ಭಾಗ ಮೀಸಲೆಂದು ಕಾಣುತ್ತಿದೆಯೇ ಎಂದು ನೋಡಲೇಬೇಕು. ಮೆಮ್‌ಟೆಸ್ಟ್‌ಗೆ ವಿಳಾಸ ಗೊತ್ತಿರಬೇಕಿಲ್ಲ, ಆದರೆ ಆ ಸೌಲಭ್ಯ ಸೇರಿಸಿದ ಕರ್ನಲ್ ಬೇಕು, ಬೂಟ್ ನಿಧಾನವಾಗುತ್ತದೆ.

ನಂಬಿಕೆಯೇ ನಿಜವಾದ ಅಳತೆಗೋಲು. ಸದಾ ಒಂದೇ ಜಾಗದಲ್ಲಿ ತಪ್ಪುವ ಬಿಟ್‌ಗೆ ಮೀಸಲಿಡುವ ಉಪಾಯ ಸಾಕು, ನಷ್ಟ 4 ಕೆಬಿಯ ಒಂದು ಪುಟ (ಮೆಮೊರಿಯ ತುಣುಕು) ಮಾತ್ರ ಆಗಬಹುದು. ಬಿಸಿಯಾದಾಗ ಮಾತ್ರ ತಪ್ಪುವ ಬಿಟ್ ಬೂಟ್ ಪರೀಕ್ಷೆಯ ಕಣ್ಣು ತಪ್ಪಿಸಬಲ್ಲದು. ಸಾಮಾನ್ಯ ಇಸಿಸಿ 64 ಬಿಟ್‌ಗೆ 8 ಹೆಚ್ಚುವರಿ ಬಿಟ್ ಇಟ್ಟು ಒಂದು ಬಿಟ್‌ನ ತಪ್ಪನ್ನು ತಿದ್ದುತ್ತದೆ, ಎರಡನ್ನು ಗುರುತಿಸುತ್ತದೆ. ಹಾಗೆ ಗುರುತಿಸಿದ, ತಿದ್ದಲಾಗದ ತಪ್ಪು ವರದಿಯಾದಾಗ ಕರ್ನಲ್ ಸಾಧ್ಯವಾದರೆ ಆ ಪುಟವನ್ನು ಬಳಸುತ್ತಿದ್ದ ಪ್ರಕ್ರಿಯೆಯನ್ನಷ್ಟೇ ಕೊಂದು ಉಳಿದುದನ್ನು ನಡೆಸುತ್ತದೆ.

ರ‍್ಯಾಮ್ ಬೆಸುಗೆಯಾಗಿರುವ ಹಳೆಯ ಲ್ಯಾಪ್‌ಟಾಪ್‌ಗೆ ಮೆಮ್‌ಮ್ಯಾಪ್ ಸರಿ. ವಿಳಾಸ ಬದಲಾಗುತ್ತಲೇ ಇದ್ದು, ಡೇಟಾ ಕಳೆದರೂ ಅಳುಕಿಲ್ಲದ ಕೆಲಸವಾದರೆ ಮೆಮ್‌ಟೆಸ್ಟ್ ನಡೆಯುತ್ತದೆ. ಲೆಕ್ಕಪತ್ರ, ಡೇಟಾಬೇಸ್ ಇರುವ ಯಂತ್ರಕ್ಕೆ ಇಸಿಸಿ. ಸ್ಲಾಟ್ ಇರುವ ಡೆಸ್ಕ್‌ಟಾಪ್‌ನಲ್ಲಿ, ವಾರಂಟಿ ಉಳಿದಿದ್ದರಂತೂ, ಇವೆಲ್ಲಕ್ಕಿಂತ ಮೊದಲು ಮಾಡ್ಯೂಲ್ ಬದಲಾಯಿಸಿ.